ನಿಧಾನಕ್ಕೆಂದೇ ಕಟ್ಟಿದ ದಾರಿ: ಬ್ಲೂ ರಿಡ್ಜ್ ಬೆಟ್ಟಸಾಲಿನಲ್ಲಿ ನಾಲ್ಕು ದಿನ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬರುವ ನಮ್ಮ ಹಿರಿಯರ ಪ್ರವಾಸದ ಪಟ್ಟಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ನಯಾಗರ ಜಲಪಾತ, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯ ಪ್ರತಿಮೆ, ವಾಷಿಂಗ್ಟನ್ನಿನ ಶ್ವೇತಭವನ, ನಡುವೆ ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನ. ಇವೆಲ್ಲ ನೋಡಬೇಕಾದವೇ. ಆದರೆ ಅಮೆರಿಕನ್ನರೇ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಪ್ರತಿವರ್ಷ ಹೋಗಿಬರುವ, ನಮ್ಮವರು ಮಾತ್ರ ಅಪರೂಪಕ್ಕೆ ಹೆಸರೆತ್ತುವ ಒಂದು ಬೆಟ್ಟದ ರಸ್ತೆ ಈ ದೇಶದ ಪೂರ್ವ ಭಾಗದಲ್ಲಿದೆ. ಅದರ ಹೆಸರು ಬ್ಲೂ ರಿಡ್ಜ್ ಪಾರ್ಕ್‌ವೇ. ನಾರ್ತ್ ಕ್ಯಾರೊಲೈನಾದ ಕ್ಯಾರಿ ನಗರದಲ್ಲಿ ನೆಲೆಸಿರುವ ನನಗೆ ಅದು ಕೆಲವು ಗಂಟೆಗಳ ದೂರ. 2023ರ ಅಕ್ಟೋಬರ್‌ನಲ್ಲಿ, ಆರು ತಿಂಗಳಿಗೆಂದು ಬಂದಿದ್ದ ಅಪ್ಪ-ಅಮ್ಮನನ್ನು ಕರೆದುಕೊಂಡು ಆ ದಾರಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕ್ರಮಿಸಿದೆವು.

ದಾರಿಯ ಉದ್ದ 469 ಮೈಲಿ, ಅಂದರೆ ಸುಮಾರು 755 ಕಿಲೋಮೀಟರ್. ವರ್ಜೀನಿಯಾ ರಾಜ್ಯದ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದ ದಕ್ಷಿಣ ತುದಿಯಲ್ಲಿ ಆರಂಭವಾಗಿ, ಅಪಲೇಚಿಯನ್ ಪರ್ವತಗಳ ನೆತ್ತಿಯ ಮೇಲೆಯೇ ಸಾಗಿ, ನಾರ್ತ್ ಕ್ಯಾರೊಲೈನಾದ ಚೆರೊಕೀ ಎಂಬ ಊರಿನ ಬಳಿ ಗ್ರೇಟ್ ಸ್ಮೋಕಿ ಪರ್ವತಗಳ ಬುಡದಲ್ಲಿ ಮುಗಿಯುತ್ತದೆ. ಸುಂಕವಿಲ್ಲ. ಲಾರಿಗಳಿಗೆ ಪ್ರವೇಶವಿಲ್ಲ. ಜಾಹೀರಾತು ಫಲಕ ಒಂದೂ ಇಲ್ಲ, ಪೆಟ್ರೋಲ್ ಬಂಕ್ ಕೂಡ ಇಲ್ಲ. ವೇಗದ ಮಿತಿ ಗಂಟೆಗೆ 45 ಮೈಲಿ, ಕೆಲವೆಡೆ ಇನ್ನೂ ಕಡಿಮೆ. ಬೇಗ ಊರು ಸೇರಬೇಕೆನ್ನುವವರಿಗೆ ಪಕ್ಕದಲ್ಲೇ ಹೆದ್ದಾರಿಗಳಿವೆ. ಇದು ನಿಧಾನವಾಗಿ ಹೋಗಲೆಂದು, ಅಲ್ಲಲ್ಲಿ ನಿಲ್ಲಲೆಂದು, ನಿಂತು ನೋಡಲೆಂದು ಕಟ್ಟಿದ ದಾರಿ.

ಬರಗಾಲದ ಕಾಲದ ಕಾಮಗಾರಿ

1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಈ ಬೆಟ್ಟನಾಡಿನ ಜನರಿಗೆ ಕೂಲಿಯೂ ಇರಲಿಲ್ಲ. ಕೆಲಸ ಕೊಡುವ ಸರ್ಕಾರಿ ಯೋಜನೆಗಳಲ್ಲಿ ಒಂದಾಗಿ 1935ರ ಸೆಪ್ಟೆಂಬರ್‌ನಲ್ಲಿ ರಸ್ತೆಯ ಕೆಲಸ ಆರಂಭವಾಯಿತು. ಸ್ಟ್ಯಾನ್ಲಿ ಅಬ್ಬಾಟ್ ಎಂಬ ಯುವ ಭೂದೃಶ್ಯ ವಿನ್ಯಾಸಕನಿಗೆ ಅದರ ರೂಪುರೇಷೆಯ ಹೊಣೆ ಒಪ್ಪಿಸಲಾಯಿತು. ಎಲ್ಲಿ ತಿರುವು ಬರಬೇಕು, ಯಾವ ತಿರುವಿನಾಚೆ ಕಣಿವೆ ತೆರೆದುಕೊಳ್ಳಬೇಕು, ಎಲ್ಲಿ ಕಾಡು ಕವಿಯಬೇಕು, ಎಲ್ಲಿ ಹುಲ್ಲುಗಾವಲು ಕಾಣಬೇಕು ಎಂಬುದನ್ನೆಲ್ಲ ಯೋಚಿಸಿ ಹಾಕಿದ ನಕ್ಷೆ ಅದು. ಇಂದಿಗೂ ರಸ್ತೆಯ ಪಕ್ಕದ ಕೆಲವು ಹೊಲ-ಹುಲ್ಲುಗಾವಲುಗಳನ್ನು ರೈತರಿಗೆ ಗೇಣಿಗೆ ಕೊಟ್ಟು ಬೇಸಾಯದಲ್ಲಿಯೇ ಉಳಿಸಿಕೊಂಡಿದ್ದಾರೆ. ನೋಡುವವನ ಕಣ್ಣಿಗೆ ಎಲ್ಲವೂ ತಾನಾಗಿಯೇ ಹುಟ್ಟಿದ್ದೆಂದು ತೋರುತ್ತದೆ. ವಾಸ್ತವದಲ್ಲಿ ಅದರ ಬಹುಪಾಲನ್ನು ಮನುಷ್ಯ ಕುಳಿತು ಯೋಚಿಸಿ ಮಾಡಿದ್ದಾನೆ.

ಮೊದಲ ದಿನದ ಹಾದಿ ಸರಳವಾಗಿತ್ತು. ಐದನೆಯ ಮೈಲಿಗಲ್ಲು ದಾಟಿದೊಡನೆ ಹಂಪ್‌ಬ್ಯಾಕ್ ರಾಕ್ಸ್ ಎಂಬಲ್ಲಿ ಹತ್ತೊಂಬತ್ತನೆಯ ಶತಮಾನದ ಬೆಟ್ಟದ ರೈತನ ಮರದ ಮನೆ, ಕೊಟ್ಟಿಗೆ, ಕಣಜಗಳನ್ನು ಕಾಯ್ದಿರಿಸಿದ್ದಾರೆ. ಅಲ್ಲಿಂದ ದಾರಿ ಇಳಿದು, 63ನೆಯ ಮೈಲಿಯ ಆಚೀಚೆ ಜೇಮ್ಸ್ ನದಿಯನ್ನು ದಾಟುತ್ತದೆ. ಸಮುದ್ರಮಟ್ಟದಿಂದ ಕೇವಲ 649 ಅಡಿ ಎತ್ತರದ ಆ ಜಾಗವೇ ಇಡೀ ರಸ್ತೆಯ ಅತ್ಯಂತ ತಗ್ಗು. ಮತ್ತೆ ಏರಿದರೆ 86ನೆಯ ಮೈಲಿಯಲ್ಲಿ ಪೀಕ್ಸ್ ಆಫ್ ಆಟರ್. ಕೆರೆಯ ದಂಡೆ, ಎದುರಿಗೆ ಕೋಡಿನಂತೆ ಎದ್ದ ಶಾರ್ಪ್ ಟಾಪ್ ಶಿಖರ. ಮೊದಲ ರಾತ್ರಿ ಅಲ್ಲಿಯ ವಸತಿಗೃಹದಲ್ಲಿ ತಂಗಿದೆವು. ಬೆಳಿಗ್ಗೆ ಎದ್ದಾಗ ಸಾಲು ಸಾಲು ಬೆಟ್ಟಗಳು ಹೆಸರಿಗೆ ತಕ್ಕಂತೆ ನೀಲಿಯಾಗಿದ್ದವು. ಮರಗಳ ಎಲೆಗಳಿಂದ ಹೊಮ್ಮುವ ಐಸೊಪ್ರೀನ್ ಎಂಬ ಆವಿ ಗಾಳಿಯಲ್ಲಿ ಬೆರೆತು ಈ ನೀಲಿ ಮಬ್ಬನ್ನು ಉಂಟುಮಾಡುತ್ತದಂತೆ. ಮಲೆನಾಡಿನಲ್ಲೇ ಆಯುಷ್ಯ ಕಳೆದ ಅಮ್ಮನಿಗೆ ಬೆಟ್ಟ ಹೊಸದಲ್ಲ. ಹೊಸದಾಗಿದ್ದದ್ದು ಎಲೆಗಳ ಬಣ್ಣ. ಮೇಪಲ್ ಕೆಂಪು, ಹಿಕರಿ ಹಳದಿ, ಓಕ್ ಕಂದು. ಉದುರುವ ಎಲೆ ಇಷ್ಟು ಚೆಂದವಿರಬಹುದೆಂದು ಎಣಿಸಿರಲಿಲ್ಲವೆಂದು ಅವಳು ಎರಡು ಮೂರು ಸಲ ಹೇಳಿದಳು.

ಗಿರಣಿಯ ಎದುರಿನ ಪ್ರಶ್ನೆ

176ನೆಯ ಮೈಲಿಗಲ್ಲಿನ ಮೇಬ್ರಿ ಮಿಲ್ ಈ ದಾರಿಯ ಅತ್ಯಂತ ಪ್ರಸಿದ್ಧ ಚಿತ್ರ. ಕೊಳದ ನೀರಿನಲ್ಲಿ ಬಿಂಬ ಮೂಡಿಸಿಕೊಂಡು ನಿಂತ ಮರದ ಗಿರಣಿ, ಪಕ್ಕದಲ್ಲಿ ತಿರುಗುವ ನೀರಿನ ಚಕ್ರ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಡ್ ಮೇಬ್ರಿ ಎಂಬಾತ ಇದನ್ನು ಕಟ್ಟಿ, ಸುತ್ತಲಿನವರಿಗೆ ಜೋಳ ಬೀಸಿಕೊಡುತ್ತಿದ್ದ, ಮರ ಕೊಯ್ದುಕೊಡುತ್ತಿದ್ದ, ಕಮ್ಮಾರಿಕೆಯನ್ನೂ ಮಾಡುತ್ತಿದ್ದ. ಅಮ್ಮ ಬೀಸುವ ಕಲ್ಲಿನ ಹತ್ತಿರ ಬಹಳ ಹೊತ್ತು ನಿಂತಳು. ಪಕ್ಕದ ಉಪಾಹಾರ ಗೃಹದಲ್ಲಿ ಬಕ್‌ವೀಟ್ ಹಿಟ್ಟಿನ ಪ್ಯಾನ್‌ಕೇಕ್ ತಿಂದು, ಇದಕ್ಕೆ ಬೆಲ್ಲದ ಪಾಕವೇ ಸರಿ ಎಂದು ತೀರ್ಪು ಕೊಟ್ಟಳು.

ಅಪ್ಪ ಮಾತ್ರ ಫಲಕಗಳನ್ನು ಒಂದೊಂದಾಗಿ ಓದುತ್ತಿದ್ದರು. ಆಮೇಲೆ ನನ್ನತ್ತ ತಿರುಗಿ ಕೇಳಿದರು: “ಇಷ್ಟೆಲ್ಲ ಚೆಂದ ಮಾಡಿ ಇಟ್ಟಿದಾರೆ, ಸರಿ. ಇಲ್ಲಿ ಮೊದಲು ಇದ್ದವರು ಎಲ್ಲಿಗೆ ಹೋದರು ಅಂತ ಎಲ್ಲಾದರೂ ಬರೆದಿದಾರಾ?”

ಅಪ್ಪನ ಬಾಯಲ್ಲಿ ಈ ಪ್ರಶ್ನೆ ಬಂದದ್ದು ಸಹಜ. ಅವರು ಶರಾವತಿ ಕಣಿವೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಅವರ ಮನೆ, ಗದ್ದೆ, ಅಡಿಕೆ ತೋಟ ಎಲ್ಲವೂ ಹಿನ್ನೀರಿನೊಳಗೆ ಹೋದವು. ನಮ್ಮ ಮನೆಯಲ್ಲಿ ‘ಮುಳುಗಡೆ’ ಎಂಬುದು ಕಾಲವನ್ನು ಅಳೆಯುವ ಪದ. ಮುಳುಗಡೆಗೆ ಮೊದಲು, ಮುಳುಗಡೆಯ ನಂತರ ಎಂದೇ ಎಲ್ಲ ಕತೆಗಳೂ ಆರಂಭವಾಗುತ್ತವೆ. ಜೋಗಕ್ಕೆ ಬಂದ ಪ್ರವಾಸಿಗರು ವಿದ್ಯುದಾಗಾರವನ್ನು ಮೆಚ್ಚಿ ಮಾತಾಡುವಾಗ ಅಪ್ಪ ಏನೂ ಹೇಳದೆ ಸುಮ್ಮನಿರುವುದನ್ನು ನಾನು ಬಾಲ್ಯದಿಂದ ನೋಡಿದ್ದೇನೆ.

ಅವರ ಪ್ರಶ್ನೆಗೆ ಉತ್ತರವಿದೆ. ಈ ರಸ್ತೆಗೆ ಬೇಕಾದ ನೆಲವನ್ನು ಎರಡೂ ರಾಜ್ಯಗಳು ಖರೀದಿಸಿಯೂ ಕಾನೂನಿನ ಬಲದಿಂದ ವಶಪಡಿಸಿಕೊಂಡೂ ಕೇಂದ್ರ ಸರ್ಕಾರಕ್ಕೆ ಒಪ್ಪಿಸಿದವು. ಕಿರಿದಾದ ರಸ್ತೆಯಾದರೂ ಅದರ ಎರಡೂ ಬದಿಯ ದೃಶ್ಯ ಕೆಡಬಾರದೆಂದು ನೂರಾರು ಅಡಿ ಅಗಲದ ಪಟ್ಟಿಯನ್ನು ತೆಗೆದುಕೊಂಡರು. ಹೊಲ ಎರಡು ಹೋಳಾದವರಿದ್ದರು, ಮನೆಯೆದುರೇ ಹೊಸ ರಸ್ತೆ ಹೋದರೂ ಅದಕ್ಕೆ ತಮ್ಮ ಗಾಡಿ ಇಳಿಸಲು ಅನುಮತಿ ಸಿಗದವರೂ ಇದ್ದರು. ಇತಿಹಾಸಕಾರ್ತಿ ಆ್ಯನ್ ಮಿಚೆಲ್ ವಿಸ್ನಂಟ್ 2006ರಲ್ಲಿ ಪ್ರಕಟಿಸಿದ ‘ಸೂಪರ್ ಸೀನಿಕ್ ಮೋಟರ್‌ವೇ’ ಎಂಬ ಗ್ರಂಥದಲ್ಲಿ ಈ ಜಗಳಗಳನ್ನೆಲ್ಲ ದಾಖಲೆಸಮೇತ ಬರೆದಿದ್ದಾರೆ. ಮೇಬ್ರಿ ಮಿಲ್ಲಿನ ಕತೆಯೂ ಹಾಗೆಯೇ. ಎಡ್ ಮೇಬ್ರಿ ಬಾಳಿದ್ದು ಹಲಗೆಗಳಿಂದ ಕಟ್ಟಿದ ಎರಡಂತಸ್ತಿನ ಮನೆಯಲ್ಲಿ. ‘ಹಳೆಯ ಕಾಲದ ಬೆಟ್ಟದ ಬದುಕು’ ಎಂಬ ಚಿತ್ರಕ್ಕೆ ಅದು ಹೊಂದಲಿಲ್ಲವೆಂದು ಕೆಡವಿಸಿ, ಬೇರೆ ಕಡೆಯಿಂದ ದಿಮ್ಮಿಗಳ ಗುಡಿಸಲೊಂದನ್ನು ತಂದು ನಿಲ್ಲಿಸಿದರು. ಇಂದು ನಾವು ಫೋಟೊ ತೆಗೆಯುವ ಆ ಗುಡಿಸಲಿನಲ್ಲಿ ಮೇಬ್ರಿ ಎಂದೂ ವಾಸಿಸಿರಲಿಲ್ಲ.

ಇದನ್ನು ಕೇಳಿ ಅಪ್ಪ ನಕ್ಕರು. ಬೇಸರದ ನಗೆಯಲ್ಲ. “ನಮ್ಮಲ್ಲಿ ಮನೆಯೂ ಇಲ್ಲ, ನಕಲಿ ಗುಡಿಸಲೂ ಇಲ್ಲ,” ಎಂದರು. ಅಲ್ಲಿಂದ ಮುಂದೆ ನಾವು ಎಲ್ಲಿ ನಿಂತರೂ ಇದು ಯಾರ ಮನೆಯಾಗಿತ್ತು ಎಂದು ಮೊದಲು ಹುಡುಕತೊಡಗಿದೆವು. ದಾರಿಯ ರುಚಿ ಅದರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಒಬ್ಬ ಸೂಲಗಿತ್ತಿಯ ನೆನಪು

ಮುಂದೆ 190ನೆಯ ಮೈಲಿ ಮುಟ್ಟುವ ಮೊದಲೇ ಬೇಲಿಯ ನಡುವೆ ಚಿಕ್ಕದೊಂದು ಮರದ ಮನೆ ಕಾಣುತ್ತದೆ. ಕಾರುಗಳು ಹೆಚ್ಚಾಗಿ ನಿಲ್ಲದೆ ಹೋಗುವ ಜಾಗ. ಇದು ಒರ್ಲೀನಾ ಹಾಕ್ಸ್ ಪಕೆಟ್ ಎಂಬ ಸೂಲಗಿತ್ತಿಯ ಸ್ಮರಣೆಗೆ ಉಳಿಸಿಕೊಂಡ ಮನೆ. ಆಕೆ ಇಪ್ಪತ್ತನಾಲ್ಕು ಮಕ್ಕಳನ್ನು ಹೆತ್ತಳು. ಒಂದೂ ಶೈಶವ ದಾಟಿ ಬದುಕಲಿಲ್ಲ. ತಾಯಿ-ಮಗುವಿನ ರಕ್ತದ ಆರ್‌ಎಚ್ ಅಂಶ ಹೊಂದದಿದ್ದುದು ಕಾರಣವಿರಬಹುದೆಂದು ಈಗಿನವರ ಊಹೆ. ಐವತ್ತರ ಪ್ರಾಯದಲ್ಲಿ ಆಕೆ ಸೂಲಗಿತ್ತಿಯ ಕೆಲಸ ಹಿಡಿದಳು. 1939ರಲ್ಲಿ ತೀರಿಕೊಳ್ಳುವವರೆಗೆ ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದಳು. ಹಿಮದಲ್ಲಿ, ಕುದುರೆಯ ಮೇಲೆ, ಇಲ್ಲವೇ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದಳು. ಕೂಲಿ ಎಂದರೆ ಒಂದು ಡಾಲರ್, ಇಲ್ಲವಾದರೆ ಮನೆಯವರು ಕೊಟ್ಟ ದವಸಧಾನ್ಯ.

ಅಮ್ಮನಿಗೆ ಫಲಕದ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿದೆ. ಅವಳು ಒಡನೆಯೇ ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನೆದಳು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಕೊನೆಯಲ್ಲಿ ಅಗಲಿದ ಹಿರಿಯ ಜೀವ. “ಅವರ ಹೆಸರಲ್ಲಿ ಒಂದು ಮನೆ ಹೀಗೆ ದಾರಿಯ ಪಕ್ಕ ಇದ್ದರೆ ಓಡಾಡುವ ಹುಡುಗಿಯರು ಓದಿಕೊಳ್ಳುತ್ತಿದ್ದರು,” ಎಂದಳು. ಅಲ್ಲಿಂದ ಹೊರಟು ಕಾರಿನಲ್ಲಿ ಕುಳಿತ ಮೇಲೆ, ತನ್ನ ಮೊದಲ ಹೆರಿಗೆ ಮಾಡಿಸಿದ ಅಜ್ಜಿಯ ವಿಷಯವನ್ನು ಮೊದಲ ಸಲ ನನ್ನೆದುರು ವಿವರವಾಗಿ ಹೇಳಿದಳು. ಆ ಹೆರಿಗೆಯಲ್ಲಿ ಹುಟ್ಟಿದ ನನ್ನ ಅಕ್ಕ ಒಂಬತ್ತು ದಿನ ಮಾತ್ರ ಬದುಕಿದ್ದಳಂತೆ. ನನಗೊಬ್ಬಳು ಅಕ್ಕ ಇದ್ದಳೆಂಬುದು ಗೊತ್ತಿತ್ತು. ಒಂಬತ್ತು ದಿನ ಎಂಬುದು ಗೊತ್ತಿರಲಿಲ್ಲ.

ಪಿಟೀಲು, ಬ್ಯಾಂಜೊ, ಸೇತುವೆ

ವರ್ಜೀನಿಯಾದ ಗಡಿ ಮುಗಿಯುವ ಮೊದಲು, 213ನೆಯ ಮೈಲಿಗಲ್ಲಿನಲ್ಲಿ ಬ್ಲೂ ರಿಡ್ಜ್ ಮ್ಯೂಸಿಕ್ ಸೆಂಟರ್ ಇದೆ. ಬೇಸಿಗೆಯಿಂದ ಶರತ್ಕಾಲದವರೆಗೆ ಮಧ್ಯಾಹ್ನದ ಹೊತ್ತು ಊರಿನ ಕಲಾವಿದರು ಬಂದು ಕುಳಿತು ನುಡಿಸುತ್ತಾರೆ, ಕೇಳಲು ಹಣ ಕೊಡಬೇಕಿಲ್ಲ. ಬ್ರಿಟನ್ನಿನ ದ್ವೀಪಗಳಿಂದ ವಲಸೆ ಬಂದವರು ಪಿಟೀಲು ತಂದರು. ಆಫ್ರಿಕಾದಿಂದ ಗುಲಾಮರಾಗಿ ಎಳೆದುತರಲ್ಪಟ್ಟವರ ನೆನಪಿನಿಂದ ಬ್ಯಾಂಜೊ ಹುಟ್ಟಿತು. ಎರಡೂ ಈ ಬೆಟ್ಟಗಳಲ್ಲಿ ಕೂಡಿದ್ದರಿಂದ ಇಲ್ಲಿಯ ಸಂಗೀತ ರೂಪುಗೊಂಡಿತು. ನಾವು ಹೋದ ದಿನ ಮುಪ್ಪಿನ ಇಬ್ಬರು ಗಂಡಸರು, ಒಬ್ಬ ಹದಿಹರೆಯದ ಹುಡುಗಿ ನುಡಿಸುತ್ತಿದ್ದರು. ಸ್ವರಲಿಪಿಯಿಲ್ಲ, ಒಬ್ಬರ ಕೈ ನೋಡಿ ಇನ್ನೊಬ್ಬರು ಕಲಿಯುವ ಪರಂಪರೆ. ಹತ್ತಿರದ ಗೇಲಾಕ್ಸ್ ಪಟ್ಟಣದಲ್ಲಿ 1935ರಿಂದ ಪಿಟೀಲುಗಾರರ ಸಮ್ಮೇಳನ ನಡೆಯುತ್ತ ಬಂದಿದೆ.

ನಾರ್ತ್ ಕ್ಯಾರೊಲೈನಾ ಪ್ರವೇಶಿಸಿದ ಮೇಲೆ ಬೆಟ್ಟಗಳು ಎತ್ತರವಾಗುತ್ತವೆ. ರಸ್ತೆಯ 26 ಸುರಂಗಗಳಲ್ಲಿ 25 ಈ ರಾಜ್ಯದಲ್ಲೇ ಇವೆ. 294ನೆಯ ಮೈಲಿಯಲ್ಲಿ, ಡೆನಿಮ್ ಬಟ್ಟೆಯ ದೊರೆ ಎನಿಸಿದ್ದ ಮೋಸೆಸ್ ಕೋನ್‌ನ ಬಿಳಿಯ ಬಂಗಲೆ. ಅಲ್ಲಿಂದ ಹತ್ತು ಮೈಲಿ ಮುಂದೆ ಲಿನ್ ಕೋವ್ ವಯಡಕ್ಟ್. 1960ರ ದಶಕದ ಕೊನೆಯ ವೇಳೆಗೆ ಉಳಿದ ರಸ್ತೆಯೆಲ್ಲ ಸಿದ್ಧವಾಗಿತ್ತು. ಗ್ರ್ಯಾಂಡ್‌ಫಾದರ್ ಬೆಟ್ಟದ ಸುತ್ತಲಿನ ಏಳೂವರೆ ಮೈಲಿ ಮಾತ್ರ ಬಾಕಿ. ಬೆಟ್ಟವನ್ನು ಕೊರೆದು ಗಾಯ ಮಾಡಲು ಅದರ ಒಡೆಯ ಹ್ಯೂ ಮಾರ್ಟನ್ ಒಪ್ಪಲಿಲ್ಲ. ವರ್ಷಗಟ್ಟಲೆ ನಡೆದ ಹಗ್ಗಜಗ್ಗಾಟದ ನಂತರ ಇಂಜಿನಿಯರುಗಳು ಬೆಟ್ಟವನ್ನು ಮುಟ್ಟದೆ, ಅದರ ಮಗ್ಗುಲಲ್ಲಿ ತೇಲುವ ಸೇತುವೆಯನ್ನು ಯೋಚಿಸಿದರು. 1,243 ಅಡಿ ಉದ್ದ, ತಲಾ ಐವತ್ತು ಟನ್ ತೂಕದ 153 ಕಾಂಕ್ರೀಟ್ ತುಂಡುಗಳು. ನೆಲಕ್ಕೆ ಯಂತ್ರ ಇಳಿಸದೆ, ಕಟ್ಟಿದ ತುಂಡಿನ ಮೇಲೆ ನಿಂತು ಮುಂದಿನ ತುಂಡನ್ನು ಇಳಿಸುತ್ತ ಹೋದರು. ಬಂಡೆಯ ಬಣ್ಣಕ್ಕೆ ಹೊಂದಲೆಂದು ಕಾಂಕ್ರೀಟಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿದರು. ಹೀಗೆ 1987ರಲ್ಲಿ, ಕೆಲಸ ಆರಂಭವಾದ 52 ವರ್ಷಗಳ ಬಳಿಕ, ದಾರಿ ಪೂರ್ಣವಾಯಿತು. ಸಿವಿಲ್ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಹುಡುಗರು ಇದೊಂದನ್ನು ನೋಡಲೆಂದೇ ಇಲ್ಲಿಗೆ ಬರಬಹುದು. ಒಬ್ಬ ಭೂಮಾಲೀಕನ ಹಟದಿಂದ ಬೆಟ್ಟ ಉಳಿಯಿತು ಎಂಬುದನ್ನೂ ಅವರು ಗಮನಿಸಬೇಕು. ವರ್ಜೀನಿಯಾದ ಬಡ ರೈತರಿಗೆ ಅಂಥ ಹಟ ಹಿಡಿಯುವ ಶಕ್ತಿ ಇರಲಿಲ್ಲ.

331ನೆಯ ಮೈಲಿಯಲ್ಲಿ ಖನಿಜಗಳ ಸಂಗ್ರಹಾಲಯವಿದೆ. ಹತ್ತಿರದ ಸ್ಪ್ರೂಸ್ ಪೈನ್ ಎಂಬ ಪುಟ್ಟ ಊರಿನಲ್ಲಿ ಅಗೆಯುವ ಬೆಣಚುಕಲ್ಲು ಜಗತ್ತಿನಲ್ಲೇ ಅತ್ಯಂತ ಶುದ್ಧವಾದವುಗಳಲ್ಲೊಂದು. ಚಿಪ್ ತಯಾರಿಕೆಗೆ ಬೇಕಾದ ಸಿಲಿಕಾನ್ ಕರಗಿಸುವ ಮೂಸೆಗಳನ್ನು ಅದರಿಂದ ಮಾಡುತ್ತಾರೆ. ಬೆಂಗಳೂರಿನ ನಮ್ಮ ಮಕ್ಕಳು ಬಳಸುವ ಕಂಪ್ಯೂಟರಿನ ಬೇರು ಇಂಥ ಕಡೆಗಳಲ್ಲೂ ಇದೆ ಎನ್ನಬಹುದು. ಅಲ್ಲಿಂದ ಮುಂದೆ, 355ನೆಯ ಮೈಲಿಯಲ್ಲಿ ಕವಲೊಡೆದು ಏರಿದರೆ ಮೌಂಟ್ ಮಿಚೆಲ್. 6,684 ಅಡಿ ಎತ್ತರದ ಇದು ಮಿಸಿಸಿಪಿ ನದಿಯ ಪೂರ್ವಕ್ಕೆ ಇರುವ ಅತಿ ಎತ್ತರದ ಶಿಖರ. ಅದನ್ನು ಅಳೆಯಲು ಹೋಗಿ 1857ರಲ್ಲಿ ಜಾರಿಬಿದ್ದು ಸತ್ತ ಪ್ರಾಧ್ಯಾಪಕ ಎಲೈಶಾ ಮಿಚೆಲ್‌ನ ಸಮಾಧಿ ನೆತ್ತಿಯ ಮೇಲಿದೆ. ವಾಹನ ನಿಲ್ಲಿಸಿ ಸ್ವಲ್ಪವೇ ನಡೆದರೆ ಸಾಕು, ಮೊಣಕಾಲು ನೋವಿನ ಅಮ್ಮನೂ ಶಿಖರ ಮುಟ್ಟಿದಳು. ಆ್ಯಶ್‌ವಿಲ್ ನಗರದ ಅಂಚಿನ ಫೋಕ್ ಆರ್ಟ್ ಸೆಂಟರಿನಲ್ಲಿ ಬೆಟ್ಟದವರ ನೇಯ್ಗೆ, ಬುಟ್ಟಿ, ಮಡಕೆ, ಮರಗೆಲಸಗಳನ್ನು ನೋಡಿದೆವು. 1930ರಲ್ಲಿ ಸ್ಥಾಪನೆಯಾದ ಕುಶಲಕರ್ಮಿಗಳ ಸಂಘ ಅದನ್ನು ನಡೆಸುತ್ತಿದೆ.

ಇನ್ನೊಂದು ಲಿಪಿಯ ನಾಡು

431ನೆಯ ಮೈಲಿಯಲ್ಲಿ ರಸ್ತೆ 6,053 ಅಡಿ ಮುಟ್ಟಿ, ಬಳಿಕ ಇಳಿಯುತ್ತ ಚೆರೊಕೀ ಜನರ ನೆಲಕ್ಕೆ ಬರುತ್ತದೆ. ಇಲ್ಲಿಯ ಬೀದಿ ಫಲಕಗಳಲ್ಲಿ ಇಂಗ್ಲಿಷಿನ ಜೊತೆ ಇನ್ನೊಂದು ಲಿಪಿ ಕಾಣುತ್ತದೆ. ಇಂಗ್ಲಿಷ್ ಓದಲು ಬಾರದಿದ್ದ ಸಿಕ್ವೊಯ ಎಂಬ ಬೆಳ್ಳಿಕೆಲಸದವನು ವರ್ಷಗಟ್ಟಲೆ ಶ್ರಮಿಸಿ 1821ರಲ್ಲಿ ತನ್ನ ನುಡಿಗೆ ರೂಪಿಸಿಕೊಟ್ಟ ಲಿಪಿ ಅದು. ನಮ್ಮ ಕಾಗುಣಿತದಂತೆಯೇ ವ್ಯಂಜನ-ಸ್ವರ ಕೂಡಿದ ಒಂದು ಉಚ್ಚಾರಕ್ಕೆ ಒಂದು ಅಕ್ಷರ, ಒಟ್ಟು 85. ಅದೇ ಲಿಪಿಯಲ್ಲಿ 1828ರಲ್ಲಿ ‘ಚೆರೊಕೀ ಫೀನಿಕ್ಸ್’ ಪತ್ರಿಕೆ ಹೊರಟಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಬಂದದ್ದು ಅದಕ್ಕಿಂತ ಹದಿನೈದು ವರ್ಷ ತಡವಾಗಿ, 1843ರಲ್ಲಿ.

ಪತ್ರಿಕೆ ಹೊರಟ ಹತ್ತೇ ವರ್ಷಗಳಲ್ಲಿ ಸೈನ್ಯ ಬಂದು ಚೆರೊಕೀ ಜನರನ್ನು ಪಶ್ಚಿಮಕ್ಕೆ ಅಟ್ಟಿತು. ‘ಕಣ್ಣೀರಿನ ಹಾದಿ’ ಎಂದೇ ಹೆಸರಾದ ಆ ನಡಿಗೆಯಲ್ಲಿ ಸುಮಾರು ನಾಲ್ಕು ಸಾವಿರ ಮಂದಿ ಸತ್ತರೆಂದು ಅಂದಾಜು. ಬೆಟ್ಟಗಳಲ್ಲಿ ಉಳಿದುಕೊಂಡವರು ಮುಂದೆ ತಮ್ಮದೇ ನೆಲವನ್ನು ಹಣ ಕೊಟ್ಟು ಮತ್ತೆ ಕೊಂಡುಕೊಂಡರು. ಅವರ ಸಂತತಿಯೇ ಇಂದಿನ ಪೂರ್ವ ಚೆರೊಕೀ ಸಮುದಾಯ. 1930ರ ದಶಕದಲ್ಲಿ ಈ ರಸ್ತೆ ತಮ್ಮ ಫಲವತ್ತಾದ ಸೋಕೊ ಕಣಿವೆಯ ನಡುವೆ ಬರಲಿದೆಯೆಂದು ತಿಳಿದಾಗ ಅವರು ಪ್ರತಿಭಟಿಸಿದರು. ಕಡೆಗೆ ರಸ್ತೆ ಕಣಿವೆ ಬಿಟ್ಟು ಬೆಟ್ಟದ ನೆತ್ತಿಗೆ ಏರಿತು. ಚೆರೊಕೀ ವಸ್ತುಸಂಗ್ರಹಾಲಯದಲ್ಲಿ ಇದನ್ನೆಲ್ಲ ಅವರದೇ ದನಿಯಲ್ಲಿ ಹೇಳಿದ್ದಾರೆ. ಎದುರಿಗಿರುವ, 1946ರಲ್ಲಿ ಸ್ಥಾಪನೆಯಾದ ಕ್ವಾಲಾ ಕರಕುಶಲ ಸಹಕಾರ ಸಂಘದಿಂದ ಅಪ್ಪ ಬೆತ್ತದ ಚಿಕ್ಕ ಬುಟ್ಟಿಯೊಂದನ್ನು ಕೊಂಡರು. ಅವರು ತಮಗಾಗಿ ಅಮೆರಿಕದಲ್ಲಿ ಕೊಂಡ ವಸ್ತು ಅದೊಂದೇ. ಅದೀಗ ಊರಿನ ಮನೆಯಲ್ಲಿ ಅಡಿಕೆ-ವೀಳ್ಯದೆಲೆ ಇಡಲು ಬಳಕೆಯಾಗುತ್ತಿದೆ.

ಬರುವವರಿಗೆ ಕೆಲವು ಮಾತು

ನಾವು ಹೋಗಿಬಂದ ಮರುವರ್ಷ, 2024ರ ಸೆಪ್ಟೆಂಬರ್ 27ರಂದು, ಹೆಲೀನ್ ಚಂಡಮಾರುತ ಈ ಬೆಟ್ಟಗಳ ಮೇಲೆ ಸುರಿದು ರಸ್ತೆಯನ್ನು ಹತ್ತಾರು ಕಡೆ ಕುಸಿಯುವಂತೆ ಮಾಡಿತು. ಸಾವಿರಾರು ಮರಗಳು ಉರುಳಿದವು. ಲಿನ್‌ವಿಲ್ ಜಲಪಾತದ ಮಾಹಿತಿ ಕೇಂದ್ರ ಕೊಚ್ಚಿಹೋಯಿತು. ಶಿರಾಡಿ, ಚಾರ್ಮಾಡಿ ಘಟ್ಟಗಳ ಕುಸಿತವನ್ನು ಕಂಡ ನಮಗೆ ಆ ಚಿತ್ರಗಳು ಅಪರಿಚಿತವಲ್ಲ. ದುರಸ್ತಿ ಹಂತಹಂತವಾಗಿ ನಡೆಯುತ್ತ, ಒಂದೊಂದೇ ಭಾಗ ತೆರೆಯುತ್ತ ಬಂದಿದೆ. ಆದ್ದರಿಂದ ಹೊರಡುವ ಮೊದಲು ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣದಲ್ಲಿ ಅಂದಿನ ರಸ್ತೆಯ ಸ್ಥಿತಿಯನ್ನು ನೋಡಲೇಬೇಕು. ಚಳಿಗಾಲದಲ್ಲಿ ಹಿಮ ಬಿದ್ದರೆ ಹಲವು ಭಾಗಗಳನ್ನು ಮುಚ್ಚುತ್ತಾರೆ.

ಎತ್ತರದ ಬೆಟ್ಟಗಳಲ್ಲಿ ಎಲೆಗಳ ಬಣ್ಣ ಅಕ್ಟೋಬರ್ ಆರಂಭದಲ್ಲೇ ಏರುತ್ತದೆ, ತಗ್ಗಿನಲ್ಲಿ ತಿಂಗಳ ಕೊನೆಗೆ. ಆಗ ವಸತಿ ಸಿಗುವುದು ಕಷ್ಟ, ತಿಂಗಳುಗಳ ಮೊದಲೇ ಕಾದಿರಿಸಿಕೊಳ್ಳಿ. ಹೂವು ಬೇಕೆನ್ನುವವರು ಜೂನ್ ನಡುವಿಗೆ ಕ್ರ್ಯಾಗಿ ಗಾರ್ಡನ್ಸ್‌ಗೆ ಹೋದರೆ ಇಡೀ ಗುಡ್ಡ ರೋಡೊಡೆಂಡ್ರನ್ ಹೂವಿನಿಂದ ತುಂಬಿರುತ್ತದೆ. ಪೆಟ್ರೋಲ್ ತುಂಬಿಸಲು ರಸ್ತೆಯಿಂದ ಕೆಳಗಿಳಿದು ಊರಿಗೆ ಹೋಗಬೇಕು. ಮೊಬೈಲ್ ಸಿಗ್ನಲ್ ಬಹಳ ಕಡೆ ಇರುವುದಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಸಸ್ಯಾಹಾರಿಗಳು ಕೇಳಿ ತಿನ್ನಬೇಕು, ಇಲ್ಲಿ ಹುರುಳಿಕಾಯಿ, ಸೊಪ್ಪಿನ ಪಲ್ಯಕ್ಕೂ ಹಂದಿಯ ಮಾಂಸ ಬೆರೆಸುವ ರೂಢಿಯಿದೆ. ನಾವು ಪುಳಿಯೋಗರೆ, ಚಪಾತಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿದ್ದೆವು. ರಸ್ತೆಬದಿಯ ಊಟದ ಮೇಜುಗಳಿಗೆ ಕೊರತೆಯಿಲ್ಲ. ನಾಲ್ಕು ದಿನ ಇಲ್ಲದಿದ್ದರೆ ನೂರು ಮೈಲಿಯ ಒಂದು ತುಂಡನ್ನು ಆರಿಸಿಕೊಳ್ಳಿ. ಹಿರಿಯರಿದ್ದರೆ ಮೇಬ್ರಿ ಮಿಲ್ಲಿನಿಂದ ಮ್ಯೂಸಿಕ್ ಸೆಂಟರಿನವರೆಗಿನ ಭಾಗ ಸಾಕಷ್ಟಾಯಿತು.

ಈ ವರ್ಷ ಹೆಂಡತಿಯ ತಂದೆ-ತಾಯಿ ಬರುತ್ತಿದ್ದಾರೆ. ನಯಾಗರಕ್ಕೆ ಮೂರು ದಿನ ಎಂದು ಅವರು ಬರೆದಿಟ್ಟುಕೊಂಡಿದ್ದಾರೆ. ಬ್ಲೂ ರಿಡ್ಜ್‌ಗೆ ಎರಡು ದಿನ ಎಂದು ಅದರ ಕೆಳಗೆ ನಾನು ಬರೆಸಿದ್ದೇನೆ. ಆ ಸೂಲಗಿತ್ತಿಯ ಮನೆಯೆದುರು ಕಾರು ನಿಲ್ಲಿಸಲು ಅಮ್ಮ ಊರಿನಿಂದಲೇ ಫೋನಿನಲ್ಲಿ ನೆನಪಿಸಿದ್ದಾಳೆ.